ಫೋನೆತ್ತಿದಾಗ ಮೊದಲ ಮಾತು ಯಾವ ಭಾಷೆಯದ್ದು?

"ಕೇರಳದಲ್ಲಿದ್ದೀಯ, ಮಲಯಾಳಂನಲ್ಲೇ ಫೋನ್ ಎತ್ತಿದರೆ ಮುಗೀತಲ್ವಾ? ಅಲ್ಲೂ ಕನ್ನಡ ಯಾಕೆ?" ಅಂತ ಮೊನ್ನೆ ಮದುವೆ ಮನೆಯಲ್ಲಿ ಕೇಳಿದೆಯಲ್ಲ ಮಾರಾಯ್ತಿ, ಸುತ್ತ ಜನ ಇದ್ದರು ಅಂತ ಆಗ ಸುಮ್ಮನಾದೆ. ಈಗ ಹೇಳುತ್ತೇನೆ.

ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಸಣ್ಣ ಕ್ಲಿನಿಕ್‌ನಲ್ಲಿ ನನಗೆ ಕೆಲಸ. ಟೋಕನ್, ಬಿಲ್ಲು, ಚೀಟಿ, ಇದೆಲ್ಲ ನಿಮ್ಮೂರಿನ ಹಾಗೆಯೇ. ಎದುರು ಬಂದು ನಿಂತವರ ಭಾಷೆಯೂ ಗೊತ್ತಿರುತ್ತದೆ, ಹೆಚ್ಚಿನವರು ಪರಿಚಯದವರೇ. ಫೋನಿಗೆ ಮುಖ ಇಲ್ಲ. ಆ ಕಡೆ ತುಳುವಿನವರೋ, ಬ್ಯಾರಿಯವರೋ, ಕೊಂಕಣಿಯವರೋ, ಮಲಯಾಳದವರೋ, ಮರಾಠಿಯವರೋ ಹೇಗೆ ತಿಳಿಯಬೇಕು?

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಡಾಕ್ಟರ್ ಉಂಡೋ?" ಅಂದರೆ ಮಲಯಾಳಂ. "ಉಲ್ಲೆರಾ?" ಅಂದರೆ ತುಳು. "ಇದ್ದವೋ?" ಅಂದರೆ ಹವ್ಯಕರ ಮನೆ. "ಇದ್ದಾರಾ?" ಅಂದರೆ ಕನ್ನಡ. ಆದರೆ ಅದನ್ನೂ ನಂಬುವ ಹಾಗಿಲ್ಲ. ಮನೆಯಲ್ಲಿ ತುಳು ಆಡುವವರು ಮರ್ಯಾದೆಗೆ ಕನ್ನಡದಲ್ಲಿ ಶುರು ಮಾಡುತ್ತಾರೆ. ನೋವು ಎಲ್ಲಿ ಅಂತ ಕೇಳಿದ ಕೂಡಲೇ ತುಳುವಿಗೆ ಜಾರುತ್ತಾರೆ. ನಾನೂ ಅವರ ಜೊತೆ ಜಾರುತ್ತೇನೆ. ನೋವನ್ನು ಹೇಳಿಕೊಳ್ಳಲು ಮನೆಯ ಮಾತೇ ಬೇಕು, ಅಲ್ವಾ?

ಆದರೆ ಅವರು ಬಾಯಿ ತೆರೆಯುವ ಮೊದಲು ನಾನು ಏನಾದರೂ ಹೇಳಬೇಕಲ್ಲ. ನನ್ನ ನಿತ್ಯದ ಕಷ್ಟ ಅದು. ನಾನು "ನಮಸ್ಕಾರ" ಅನ್ನುತ್ತೇನೆ. "ನಮಸ್ಕಾರಂ ಅಂತ ಹೇಳಬೇಕು, ಇದು ಕೇರಳ" ಅಂತ ತಿದ್ದಿದವರಿದ್ದಾರೆ. ಒಂದು ದಿನ ನಾನು ರಜೆಯಲ್ಲಿದ್ದೆ. ನನ್ನ ಜಾಗದಲ್ಲಿ ಕೂತ ಹುಡುಗಿ "ನಮಸ್ಕಾರಂ" ಅಂದಳು. ಪೆರ್ಲ ಕಡೆಯ ಒಬ್ಬರು ಅಜ್ಜ ದಿನಾ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡುತ್ತಾರೆ. ಡಾಕ್ಟರು ಬರುತ್ತಾರೆ ಅಂತ ಖಾತ್ರಿಯಾದರೆ ಮಾತ್ರ ಅವರು ಬಸ್ಸಿಗೆ ಹೊರಡುವುದು. ಅವರು ರಾಂಗ್ ನಂಬರ್ ಅಂದುಕೊಂಡು ಇಟ್ಟರು. ಮತ್ತೆ ಮಾಡಿದರು, ಮತ್ತೆ ಇಟ್ಟರು. ನಾಲ್ಕನೇ ಸಲ "ನಮ್ಮ ಕೂಸು ಎಲ್ಲಿ?" ಅಂತ ಜೋರು ಮಾಡಿದರಂತೆ. ಕೂಸು ಅಂದರೆ ಹವ್ಯಕರ ಮಾತಿನಲ್ಲಿ ಹುಡುಗಿ, ಅಂದರೆ ನಾನು. ನಾಲ್ಕು ಕಾಲ್ ಆದದ್ದು ಒಂದು ಸೊನ್ನೆಗೆ! ಮರುದಿನ ನನ್ನ ಸ್ವರ ಕೇಳಿ, ಮೊದಲು ನನ್ನ ಆರೋಗ್ಯ ವಿಚಾರಿಸಿ, ಆಮೇಲೆ ಡಾಕ್ಟರನ್ನು ಕೇಳಿದರು.

ಇನ್ನೊಬ್ಬರು ಉಮ್ಮ, ಅಂದರೆ ಮುಸ್ಲಿಂ ಮನೆಯ ಅಮ್ಮ, ಇದ್ದಾರೆ. ಡಾಕ್ಟರು ಬಂದಿದ್ದಾರೆ ಅಂದರೆ ಅವರು ನಂಬುವುದಿಲ್ಲ. ಡಾಕ್ಟರು ಕೆಮ್ಮಿದ್ದು ಕೇಳಿಸಬೇಕು. ಫೋನನ್ನು ಒಳಗೆ ಹಿಡಿದು ತೋರಿಸಿದ್ದೂ ಉಂಟು.

ಇವರು ಯಾರೂ ನನಗೆ ಕಿರಿಕಿರಿ ಅಲ್ಲ. ಕಿರಿಕಿರಿ ಬೆಂಗಳೂರಿನಿಂದ ಬರುವ ಕಾಲ್‌ಗಳದ್ದು. ಸಾಲ ಬೇಕಾ ಅಂತ ಒಬ್ಬರು ವಾರಪೂರ್ತಿ ಮಾಡಿದರು, ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಬೇಡ ಅಂದೆ. "ನಿಮ್ಮದು ಕೇರಳ ಅಂತ ತೋರಿಸ್ತಿದೆ" ಅಂತ ಮಲಯಾಳದವರಿಗೆ ಕೊಟ್ಟರು. ಅವರಿಗೂ ಕನ್ನಡದಲ್ಲೇ ಬೇಡ ಅಂದೆ. ಕಾಲ್ ಮತ್ತೆ ಮೊದಲಿನವರಿಗೇ ಬಂತು. ಕೊನೆಗೆ ಅವರು, "ಮೇಡಂ, ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ, ಎಲ್ಲಿ ಕಲಿತಿರಿ?" ಅಂದರು. ಸಾಲದ ಕಾಲ್‌ಗಿಂತ ಈ ಹೊಗಳಿಕೆ ನನ್ನನ್ನು ಜಾಸ್ತಿ ಸುಟ್ಟಿತು. ನನ್ನ ಅಜ್ಜಿಯೂ ಅಮ್ಮನೂ ನಾನೂ ಓದಿದ್ದು ಇಲ್ಲಿನ ಕನ್ನಡ ಶಾಲೆಯಲ್ಲೇ. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಮಂಜೇಶ್ವರ ಇಲ್ಲೇ ಪಕ್ಕದಲ್ಲಿದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇಲ್ಲಿನ ಬದಿಯಡ್ಕದವರು. ನಾವು ಇನ್ನೆಲ್ಲಿ ಕಲಿಯಬೇಕು?

ನವೆಂಬರ್ 1ಕ್ಕೆ ನೀನು ಪ್ರತಿ ವರ್ಷ ರಾಜ್ಯೋತ್ಸವದ ಶುಭಾಶಯ ಕಳಿಸುತ್ತೀಯ. 1956ರಲ್ಲಿ ಅದೇ ದಿನ ನಾವು ಕೇರಳಕ್ಕೆ ಸೇರಿದ್ದು. ಚಂದ್ರಗಿರಿ ಹೊಳೆಯ ಬಡಗು ದಿಕ್ಕಿನದ್ದು ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ 1967ರಲ್ಲಿ, ರಾಜ್ಯಗಳ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಹೇಳಿತು. ಕುಂಬಳೆಯೂ ಅದರೊಳಗೇ ಬರುತ್ತದೆ. ವರದಿ ಹಾಗೇ ಉಳಿಯಿತು.

ಬೇಸರದಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ಇಲ್ಲಿ ಮಲಯಾಳದವರು ನನ್ನ ನೆರೆಯವರು, ಗೆಳತಿಯರು. ಅವರ ಭಾಷೆಯೂ ನನಗೆ ಸಲೀಸು. ಆದರೆ 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ, ಮಂಗಳೂರಿಗೆ ಹೋಗುವ ದಾರಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ಫೋನ್ ನಿಲ್ಲಲೇ ಇಲ್ಲ. ದೊಡ್ಡ ಕಾಯಿಲೆಗೆ ನಮಗೆ ಮಂಗಳೂರೇ ಗತಿ. ಆಂಬುಲೆನ್ಸ್ ಬಿಡುತ್ತಾರಾ, ಡಯಾಲಿಸಿಸ್‌ಗೆ ಹೋಗಬಹುದಾ ಅಂತ ಒಬ್ಬರೇ ಹತ್ತು ಸಲ ಕೇಳುತ್ತಿದ್ದರು. ಗಡಿ ಮುಚ್ಚಿದ್ದು ನಮ್ಮದೇ ಕನ್ನಡದ ರಾಜ್ಯ. ಆ ವಾರ ಉಂಡೋ, ಉಲ್ಲೆರಾ, ಇದ್ದವೋ ಅಂತ ಯಾರೂ ಕೇಳಲಿಲ್ಲ. ಎಲ್ಲರ ಮೊದಲ ಮಾತೂ ಒಂದೇ ಆಗಿತ್ತು: "ತಲಪಾಡಿ?"

ಪೆರ್ಲದ ಅಜ್ಜ ಆಗಲೂ ಎಂಟಕ್ಕೆ ಸರಿಯಾಗಿ ಮಾಡುತ್ತಿದ್ದರು. ಬಸ್ಸಿಲ್ಲ, ಡಾಕ್ಟರು ಮಂಗಳೂರಿನಿಂದ ಬರುವ ಹಾಗಿಲ್ಲ ಅಂತ ಅವರಿಗೆ ಗೊತ್ತಿತ್ತು. ನಾನು "ನಮಸ್ಕಾರ" ಅನ್ನುವವರೆಗೆ ಕಾದು, "ಆತು ಕೂಸೇ" ಅಂತ ಇಡುತ್ತಿದ್ದರು.