ಗ್ಲುಟನ್ ಇಲ್ಲದ ಬೇಕಿಂಗು, ಅಡುಗೆ: ನಿಮ್ಮ ಪ್ರಶ್ನೆಗೆ ಉತ್ತರ

ಈ ಸಲ ಆರಿಸಿಕೊಂಡಿರೋ ಪ್ರಶ್ನೆಗಳೆಲ್ಲಾ ಗ್ಲುಟನ್ ಫ್ರೀ ಅಡುಗೆ ಬಗ್ಗೆನೇ, ಅಂದ್ರೆ ಗೋಧಿ, ಬಾರ್ಲಿ, ರೈ ಅನ್ನೋ ಧಾನ್ಯಗಳಲ್ಲಿರೋ ಗ್ಲುಟನ್ ಅನ್ನೋ ಪ್ರೋಟೀನ್ ಇಲ್ಲದ ಅಡುಗೆ. ಕೆಲವರಿಗೆ ಸೀಲಿಯಾಕ್ (ಗ್ಲುಟನ್ ತಿಂದ್ರೆ ಕರುಳು ಕೆಡೋ ಕಾಯಿಲೆ) ಇದೆ ಅಂತ ಡಾಕ್ಟರ್ ಹೇಳಿದಾರೆ, ಇನ್ನು ಕೆಲವರ ಮನೆಗೆ ಅಂಥ ನೆಂಟರು ಹಬ್ಬದೂಟಕ್ಕೆ ಬರ್ತಿದಾರೆ, ಏನು ಮಾಡಿ ಹಾಕೋದು ಅಂತ ಗಾಬರಿ. ಗಾಬರಿ ಬೇಡ, ಒಂದೊಂದಾಗಿ ನೋಡೋಣ.

ಪ್ರಶ್ನೆ: ಮೈದಾ ಎಷ್ಟು ಹಾಕ್ತಿದ್ನೋ ಅಷ್ಟೇ ಕಪ್ ಅಕ್ಕಿ ಹಿಟ್ಟು ಹಾಕಿ ಬ್ರೆಡ್ ಮಾಡಿದೆ. ಹೊರಗೆ ಕಲ್ಲು, ಒಳಗೆ ಅಂಟು. ಎಲ್ಲಿ ತಪ್ಪಾಯ್ತು?

ನಿಮ್ಮ ಕೈ ತಪ್ಪಲ್ಲ, ಲೆಕ್ಕ ತಪ್ಪು. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದಾಗ ಅದರಲ್ಲಿರೋ ಗ್ಲಯಡಿನ್, ಗ್ಲುಟೆನಿನ್ ಅನ್ನೋ ಪ್ರೋಟೀನುಗಳು ಸೇರಿ ಎಳೆ ಎಳೆಯಾದ ಬಲೆ ಆಗತ್ತೆ, ಅದೇ ಗ್ಲುಟನ್, ಯೀಸ್ಟಿನ ಗಾಳಿನ ಆ ಬಲೆನೇ ಹಿಡಿದಿಟ್ಕೊಳ್ಳೋದು. ಅಕ್ಕಿ ಹಿಟ್ಟಲ್ಲಿ ಆ ಬಲೆ ಇಲ್ಲ, ಹಾಗಾಗಿ ಗಾಳಿ ತಪ್ಪಿಸಿಕೊಂಡು ಹೋಗತ್ತೆ, ಬ್ರೆಡ್ ಕೂತುಬಿಡತ್ತೆ. ಅಂದ್ರೆ ಗೋಧಿ ರೆಸಿಪಿ ತಗೊಂಡು ಹಿಟ್ಟು ಮಾತ್ರ ಬದಲಾಯಿಸೋದಲ್ಲ, ಹಿಟ್ಟನ್ನ ಹಿಡಿದಿಡೋದಕ್ಕೆ ಬೇರೆ ಏನಾದ್ರೂ ಕೊಡ್ಬೇಕು, ನೀರು ಜಾಸ್ತಿ ಕೊಡ್ಬೇಕು, ಆ ನೀರು ಕುಡಿಯೋಕೆ ಟೈಮೂ ಕೊಡ್ಬೇಕು.

ಬ್ರೆಡ್‌ಗೆ ನಾನು ಎಲ್ರಿಗೂ ಹೇಳೋದು ಇಸಬ್‌ಗೋಲ್ ಹೊಟ್ಟು. ನೀರಿಗೆ ಹಾಕಿ ಕಲಕಿ ಐದ್ಹತ್ತು ನಿಮಿಷ ಬಿಡಿ, ಚಮಚ ಎತ್ತಿದ್ರೆ ಲೋಳೆ ಲೋಳೆಯಾಗಿ ಒಟ್ಟಿಗೇ ಎದ್ದು ಬರತ್ತೆ, ಅದೇ ನಿಮ್ಮ ಹೊಸ ಬಲೆ. ಒಂದು ಲೋಫಿಗೆ ಅಕ್ಕಿ ಹಿಟ್ಟು 150 ಗ್ರಾಂ, ಜೋಳದ ಹಿಟ್ಟು 130 ಗ್ರಾಂ, ಟ್ಯಾಪಿಯೋಕಾ ಸ್ಟಾರ್ಚ್ (ಮರಗೆಣಸಿನ ಪಿಷ್ಟ) 120 ಗ್ರಾಂ, ಇಸಬ್‌ಗೋಲ್ ಹೊಟ್ಟು 20 ಗ್ರಾಂ, ನೀರು 430 ಎಂಎಲ್ ಹತ್ರ, ಡ್ರೈ ಯೀಸ್ಟ್ 7 ಗ್ರಾಂ, ಸಕ್ಕರೆ ಒಂದು ದೊಡ್ಡ ಚಮಚ, ಎಣ್ಣೆ ಎರಡು, ಉಪ್ಪು ಒಂದೂವರೆ ಟೀ ಚಮಚ. ಹೊಟ್ಟಿನ ಬದಲು ಇಸಬ್‌ಗೋಲ್ ಪುಡಿ ಇದ್ರೆ ಸ್ವಲ್ಪ ಕಡಿಮೆ ಹಾಕಿ, ಅದು ಇನ್ನೂ ಜಾಸ್ತಿ ನೀರು ಎಳೆಯತ್ತೆ. ಕೆಲವು ಇಸಬ್‌ಗೋಲಿಂದ ಬ್ರೆಡ್ ಒಳಗೆ ನೇರಳೆ ಛಾಯೆ ಬರತ್ತೆ, ಕೆಟ್ಟಿಲ್ಲ, ತಿನ್ನಬಹುದು.

ದಯವಿಟ್ಟು ತಕ್ಕಡೀಲಿ ತೂಗಿ. ಒಂದು ಕಪ್ ಅಕ್ಕಿ ಹಿಟ್ಟು 150 ಗ್ರಾಂ ದಾಟತ್ತೆ, ಅದೇ ಕಪ್ ಮೈದಾ, ಟ್ಯಾಪಿಯೋಕಾ 120 ಗ್ರಾಂ ಹತ್ರ ಬರತ್ತೆ, ಕಪ್ ಲೆಕ್ಕ ಕೆಡೋದೇ ಇಲ್ಲಿ. ಗಂಟೆಗಟ್ಟಲೆ ನಾದೋ ಕೆಲಸ ಇಲ್ಲ, ಎರಡು ಸಲ ಉಬ್ಬಿಸೋದೂ ಬೇಡ, ಕಲೆಸಿ ಟಿನ್ನಿಗೆ ಹಾಕಿ ಒಂದು ಸಲ ಉಬ್ಬಲಿ ಸಾಕು. ಮತ್ತೆ ಒಳಗಿನ ಅಂಟು, ಅದಕ್ಕೆ ಮುಖ್ಯ ಕಾರಣ ಬೇಯದೇ ಇರೋದು, ಮೇಲೆ ಕೆಂಪಾಯ್ತು ಅಂತ ತೆಗೆದುಬಿಡ್ತೀವಿ. 200 ಡಿಗ್ರಿಲಿ ಒಂದು ಗಂಟೆ ಹತ್ರ ಬೇಕು, ಅಡುಗೆ ಥರ್ಮಾಮೀಟರ್ ಇದ್ರೆ ನಡುವಿಗೆ ಚುಚ್ಚಿ 97, 98 ಡಿಗ್ರಿ ಸೆಲ್ಸಿಯಸ್ ತೋರ್ಸೋವರೆಗೂ ಬಿಡಿ, ಮೇಲೆ ಜಾಸ್ತಿ ಕಪ್ಪಾಗ್ತಿದ್ರೆ ಫಾಯಿಲ್ ಮುಚ್ಚಿ. ತೆಗೆದ ಮೇಲೆ ಪೂರ್ತಿ ಆರೋವರೆಗೂ ಚಾಕು ಹಾಕ್ಲೇಬೇಡಿ, ಪಿಷ್ಟ ಗಟ್ಟಿಯಾಗೋದು ಆರೋವಾಗ, ಬಿಸೀಲಿ ಕೊಯ್ದ್ರೆ ಚೆನ್ನಾಗಿ ಬೆಂದ ಬ್ರೆಡ್ಡೂ ಅಂಟಾಗೇ ಕಾಣತ್ತೆ.

ಪ್ರಶ್ನೆ: ಜಾಂಥನ್ ಗಮ್ ಹಾಕ್ಲೇಬೇಕಾ? ಎಷ್ಟು?

ಇದು ಹಿಟ್ಟನ್ನ ಹಿಡಿದಿಡೋ ಒಂದು ಅಂಟಿನ ಪುಡಿ. ಕೇಕು, ಕುಕೀಸಿಗೆ ಇದ್ರೆ ಒಳ್ಳೇದು, ಪುಡಿಪುಡಿ ಆಗಲ್ಲ. ಒಂದು ಕಪ್ ಹಿಟ್ಟಿಗೆ ಕುಕೀಸಿಗಾದ್ರೆ ಕಾಲು ಟೀ ಚಮಚ, ಕೇಕಿಗೆ ಅರ್ಧ. ಕೈ ಜಾರಿ ಜಾಸ್ತಿ ಬಿತ್ತೋ ರಬ್ಬರ್ ಆಗತ್ತೆ. ರೆಡಿಮೇಡ್ ಗ್ಲುಟನ್ ಫ್ರೀ ಮಿಕ್ಸ್ ತಂದಿದ್ರೆ ಪ್ಯಾಕೆಟ್ ಹಿಂದೆ ಓದಿ, ಎಷ್ಟೋ ಮಿಕ್ಸಲ್ಲಿ ಮೊದಲೇ ಹಾಕಿರ್ತಾರೆ. ಕೆಲವರಿಗೆ ಇದರಿಂದ ಹೊಟ್ಟೆ ಉಬ್ಬರ ಬರತ್ತೆ, ಅವರು ಇಸಬ್‌ಗೋಲ್ ಅಥವಾ ಅಗಸೆ ಪುಡಿ ನೋಡಬಹುದು.

ಪ್ರಶ್ನೆ: ಕುಕೀಸ್ ರುಚಿ ಚೆನ್ನಾಗಿದೆ, ಆದ್ರೆ ಬಾಯಲ್ಲಿ ಮರಳು ಮರಳು.

ಅಕ್ಕಿ ಹಿಟ್ಟಿನ ಕಣ ಗಟ್ಟಿ, ನೀರು ಒಳಗೆ ಹೋಗೋಕೆ ಟೈಮ್ ಬೇಕು. ಕಲೆಸಿದ ತಕ್ಷಣ ಓವನ್ನಿಗೆ ಹಾಕಬೇಡಿ, ಅರ್ಧ ಗಂಟೆ ಮುಚ್ಚಿಡಿ, ಕುಕೀಸ್ ಹಿಟ್ಟಾದ್ರೆ ಫ್ರಿಜ್ಜಲ್ಲಿ ರಾತ್ರಿಯೆಲ್ಲಾ ಇಟ್ರೂ ನಡೆಯತ್ತೆ, ಬೆಣ್ಣೆನೂ ಗಟ್ಟಿಯಾಗಿ ಕುಕೀಸ್ ಹರಡಲ್ಲ. ಆದಷ್ಟು ನುಣ್ಣಗೆ ಬೀಸಿದ ಹಿಟ್ಟು ತಗೊಳ್ಳಿ. ಬಾದಾಮಿ ಹಿಟ್ಟು ಸ್ವಲ್ಪ ಬೆರೆಸಿದ್ರೆ ಮೆತ್ತಗಾಗತ್ತೆ, ಆದ್ರೆ ಅದು ಬೇಗ ಕೆಂಪಾಗತ್ತೆ, ಓವನ್ ಹತ್ರನೇ ಇರಿ.

ಪ್ರಶ್ನೆ: ಹಬ್ಬದೂಟಕ್ಕೆ ಹನ್ನೆರಡು ಜನ, ಒಬ್ರಿಗೆ ಸೀಲಿಯಾಕ್. ಅವರಿಗೆ ಒಂದು ತಟ್ಟೆ ಬೇರೆ ಮಾಡಿಟ್ರೆ ಸಾಕಲ್ವಾ?

ಆಗಬಹುದು, ಆದ್ರೆ ನನ್ನ ಕೇಳಿದ್ರೆ ಎಲ್ರಿಗೂ ಒಂದೇ ಊಟ ಮಾಡಿ. ಹನ್ನೊಂದು ಜನ ಹಂಚಿಕೊಂಡು ತಿನ್ನುವಾಗ ಒಬ್ರು ಮಾತ್ರ ಮೂಲೇಲಿ ಮುಚ್ಚಿಟ್ಟ ತಟ್ಟೆ ತಗೊಂಡು ಕೂರೋದು ಎಷ್ಟು ಬೇಜಾರು ಅಂತ ಯೋಚನೆ ಮಾಡಿ, ಅದೂ ಹಬ್ಬದ ದಿನ. ಅದೂ ಅಲ್ದೆ ಒಂದೇ ಮೇಜಲ್ಲಿ ಎರಡೂ ಇದ್ರೆ ಯಾರೋ ಒಬ್ರು ಬ್ರೆಡ್ ಮುಟ್ಟಿದ ಚಮಚ ತಂದು ಇದಕ್ಕೆ ಹಾಕಿರ್ತಾರೆ, ಅಲ್ಲಿಗೆ ಮುಗೀತು.

ನೋಡಿ, ಗ್ಲುಟನ್ ಫ್ರೀ ಅನ್ನೋದಕ್ಕೆ ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಒಂದು ಕೆಜಿಗೆ 20 ಮಿಲಿಗ್ರಾಂ, ಅಷ್ಟು ಕಡಿಮೆ. ಬ್ರೆಡ್ ಚೂರು ಬಿದ್ದಿದ್ದನ್ನ ಎತ್ತಿ ಬಿಸಾಕಿದ್ರೆ ಸರಿಹೋಗಲ್ಲ. ಕುದಿಸಿದ್ರೂ ಕರಿದ್ರೂ ಹೋಗಲ್ಲ, ಗ್ಲುಟನ್ ಕ್ರಿಮಿ ಅಲ್ವಲ್ಲ ಬಿಸಿಗೆ ಸಾಯೋಕೆ, ಹಾಗಾಗಿ ಮೈದಾ ಹಚ್ಚಿದ್ದು ಕರಿದ ಎಣ್ಣೇಲಿ ಇವರ ಆಲೂಗಡ್ಡೆ ಕರೀಬೇಡಿ. ಸ್ಟೀಲು, ಗಾಜಿನ ಪಾತ್ರೆ ಸೋಪು ಹಾಕಿ ಚೆನ್ನಾಗಿ ಉಜ್ಜಿದ್ರೆ ಸಾಕು. ತೊಂದರೆ ಕೊಡೋದು ಜರಡಿ, ಮರದ ಸೌಟು, ಲಟ್ಟಣಿಗೆ, ಟೋಸ್ಟರ್, ಇವುಗಳ ಸಂದೀಲಿ ಹಿಟ್ಟು ಕೂತಿರತ್ತೆ. ಬೆಣ್ಣೆ, ಜಾಮ್ ಡಬ್ಬಿನೂ ಹೊಸದು ತೆಗೀರಿ, ಹಳೇದ್ರಲ್ಲಿ ಬ್ರೆಡ್ ಚೂರು ಇದ್ದೇ ಇರತ್ತೆ. ಗೋಧಿದು ಏನಾದ್ರೂ ಮಾಡ್ಲೇಬೇಕು ಅಂದ್ರೆ ಇವರದ್ದು ಮೊದಲು ಮಾಡಿ ಮುಚ್ಚಿಟ್ಟು ಆಮೇಲೆ ಮೈದಾ ಡಬ್ಬಿ ತೆಗೀರಿ, ಒಣ ಹಿಟ್ಟು ಗಾಳೀಲಿ ಹಾರಿ ಎಲ್ಲಾ ಕಡೆ ಕೂರತ್ತೆ.

ಮೆನು ಕಷ್ಟ ಅಲ್ಲವೇ ಅಲ್ಲ. ಹುರಿದ ಮಾಂಸ, ಮೀನು, ಬೇಯಿಸಿದ ತರಕಾರಿ, ಆಲೂಗಡ್ಡೆ, ಅನ್ನ, ಬೇಳೆ, ಸಲಾಡ್, ಇದರಲ್ಲೆಲ್ಲಾ ಮೊದಲಿಂದಲೇ ಗ್ಲುಟನ್ ಇಲ್ಲ. ಸಿಕ್ಕಿಹಾಕಿಕೊಳ್ಳೋದು ಗ್ರೇವಿ, ಸಾಸಲ್ಲಿ. ಮೈದಾ ಬದಲು ಕಾರ್ನ್ ಫ್ಲೋರ್ ಹಾಕಿ, ಮೈದಾದ ಅರ್ಧ ಅಳತೆ ಸಾಕು, ಒಂದು ಕಪ್ ಸಾರಕ್ಕೆ ಒಂದು ದೊಡ್ಡ ಚಮಚ. ತಣ್ಣೀರಲ್ಲಿ ಕದಡಿ, ಕುದಿಯೋ ಗ್ರೇವಿಗೆ ತಿರುವ್ತಾ ಹಾಕಿ, ಒಂದು ನಿಮಿಷ ಕುದ್ದು ಹೊಳಪು ಬಂದ ತಕ್ಷಣ ಇಳಿಸಿ, ತುಂಬಾ ಹೊತ್ತು ಕುದಿಸಿದ್ರೆ ಮತ್ತೆ ನೀರಾಗತ್ತೆ. ನಿಂಬೆರಸ ಕೊನೇಗೆ. ಸಾಮಾನ್ಯ ಸೋಯಾ ಸಾಸಲ್ಲಿ ಗೋಧಿ ಇರತ್ತೆ, ಮಾಲ್ಟ್ ವಿನೆಗರ್ ಬಾರ್ಲಿದು, ಸ್ಟಾಕ್ ಕ್ಯೂಬಿನ ಲೇಬಲ್ಲೂ ಓದಿ. ‘ವೀಟ್ ಫ್ರೀ’ ಅಂತ ಇದ್ರೆ ನಂಬಬೇಡಿ, ಗೋಧಿ ಇಲ್ದೇ ಇರಬಹುದು, ಬಾರ್ಲಿ, ರೈ ಇರಬಹುದು.

ಸಿಹಿಗೆ ಹಿಟ್ಟೇ ಇಲ್ಲದ ಚಾಕೊಲೇಟ್ ಕೇಕ್ ಮಾಡಿ. ಡಾರ್ಕ್ ಚಾಕೊಲೇಟ್ 200 ಗ್ರಾಂ (ಲೇಬಲ್ ನೋಡಿ), ಬೆಣ್ಣೆ 150, ಸಕ್ಕರೆ 150, ಮೊಟ್ಟೆ ಐದು. ಚಾಕೊಲೇಟ್, ಬೆಣ್ಣೆ ಕರಗಿಸಿ ಸ್ವಲ್ಪ ಆರಿಸಿ, ಹಳದಿ ಭಾಗ ಅರ್ಧ ಸಕ್ಕರೆ ಜೊತೆ ಅದಕ್ಕೆ ಬೆರೆಸಿ, ಬಿಳಿ ಭಾಗ ಉಳಿದ ಸಕ್ಕರೆ ಹಾಕಿ ನೊರೆ ಬರೋ ಹಾಗೆ ಬೀಟ್ ಮಾಡಿ ಮೆತ್ತಗೆ ಸೇರಿಸಿ, 170 ಡಿಗ್ರಿಲಿ ಅರ್ಧ ಗಂಟೆ ಮೇಲೆ. ಟಿನ್ನಿಗೆ ಮೈದಾ ಉದುರಿಸೋ ಅಭ್ಯಾಸ ಇದ್ರೆ ಇವತ್ತು ಬೇಡ, ಬೇಕಿಂಗ್ ಪೇಪರ್ ಹಾಕಿ. ಆರಿದ ಮೇಲೆ ನಡುವೆ ಕುಸಿದು ಮೇಲೆ ಬಿರುಕು ಬಿಡತ್ತೆ, ಅದು ಹಾಗೇ ಇರ್ಬೇಕು, ಮೇಲೆ ಕ್ರೀಮ್ ಹಚ್ಚಿ ಕೊಡಿ.

ಪ್ರಶ್ನೆ: ನಂಗೆ ಯಾವಾಗ್ಲೂ ಹೊಟ್ಟೆ ಕೆಡತ್ತೆ. ಟೆಸ್ಟ್ ಮಾಡಿಸೋ ಮುಂಚೆ ಗೋಧಿ ಬಿಟ್ಟು ನೋಡ್ಲಾ?

ಬೇಡ. ದಯವಿಟ್ಟು ಬೇಡ. ಸೀಲಿಯಾಕ್‌ಗೆ ಮಾಡೋ ರಕ್ತ ಪರೀಕ್ಷೆ ನೋಡೋದು ಗ್ಲುಟನ್ ತಿಂದಾಗ ದೇಹ ತಯಾರಿಸೋ ಆ್ಯಂಟಿಬಾಡಿನ, ತಿನ್ನೋದು ಬಿಟ್ರೆ ಅದು ಇಳಿದುಹೋಗತ್ತೆ, ಕರುಳೂ ಸುಧಾರಿಸತ್ತೆ, ಕಾಯಿಲೆ ಇದ್ರೂ ಇಲ್ಲ ಅಂತ ರಿಪೋರ್ಟ್ ಬರಬಹುದು. ಆಮೇಲೆ ಸರಿಯಾಗಿ ತಿಳೀಬೇಕು ಅಂದ್ರೆ ಮತ್ತೆ ವಾರಗಟ್ಟಲೆ ಗೋಧಿ ತಿಂದು ನರಳ್ಬೇಕು. ಮೊದಲು ಡಾಕ್ಟರ್, ಆಮೇಲೆ ಡಯಟ್. ಇದ್ದವರಿಗೆ ಇದು ಜೀವನಪೂರ್ತಿ ಪಥ್ಯ, ಅನುಮಾನದ ಮೇಲೆ ನಡೆಸೋ ವಿಷಯ ಅಲ್ಲ. ಮನೇಲಿ ಒಬ್ರಿಗೆ ಇದ್ರೆ ಒಡಹುಟ್ಟಿದವರಿಗೆ, ಮಕ್ಕಳಿಗೆ, ಅಪ್ಪ ಅಮ್ಮನಿಗೆ ಇರೋ ಸಾಧ್ಯತೆ ಜಾಸ್ತಿ, ಅವರೂ ಟೆಸ್ಟ್ ಬಗ್ಗೆ ಕೇಳಲಿ. ನೆದರ್‌ಲ್ಯಾಂಡ್ಸಿನ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕ್ಕೆ ಈ ಕಾಯಿಲೆಗೆ ಗೋಧಿ ಕಾರಣ ಅಂತ ತಮ್ಮ 1950ರ ಪ್ರಬಂಧದಲ್ಲಿ ತೋರಿಸಿಕೊಟ್ರು, ಅದಕ್ಕೂ ಮುಂಚೆ ಎಷ್ಟು ಮಕ್ಕಳು ಕಾರಣ ಗೊತ್ತಿಲ್ದೇ ಸೊರಗಿದ್ರೋ. ಈಗ ತಿಳಿದುಕೊಳ್ಳೋ ದಾರಿ ಇದೆ, ಬಳಸಿಕೊಳ್ಳಿ.

ಪ್ರಶ್ನೆ: ಓಟ್ಸ್ ತಿನ್ನಬಹುದಾ?

ಓಟ್ಸಲ್ಲಿ ಗೋಧಿಯ ಗ್ಲುಟನ್ ಇಲ್ಲ, ಆದ್ರೆ ಹೊಲದಲ್ಲಿ, ಗಿರಣೀಲಿ ಗೋಧಿ, ಬಾರ್ಲಿ ಬೆರೆತಿರತ್ತೆ. ‘ಗ್ಲುಟನ್ ಫ್ರೀ’ ಅಂತಲೇ ಬರೆದಿರೋದು ಮಾತ್ರ ತಗೊಳ್ಳಿ. ಸೀಲಿಯಾಕ್ ಇರೋ ಕೆಲವರಿಗೆ ಅದೂ ಆಗಿಬರಲ್ಲ, ಡಾಕ್ಟರನ್ನ ಕೇಳಿ ಸ್ವಲ್ಪ ಸ್ವಲ್ಪ ಶುರುಮಾಡಿ.

ಪ್ರಶ್ನೆ: ದಿನಾ ಗ್ಲುಟನ್ ಫ್ರೀ ಪ್ಯಾಕೆಟ್ ತಂದ್ರೆ ದುಡ್ಡು ನೀರಿನ ಹಾಗೆ ಖರ್ಚಾಗತ್ತೆ. ಏನು ಮಾಡ್ಲಿ?

ಪ್ಯಾಕೆಟ್ ಬಿಟ್ಟುಬಿಡಿ, ದಿನದ ಊಟಕ್ಕೆ ಅದು ಬೇಕಾಗೇ ಇಲ್ಲ. ಅಕ್ಕಿ, ಜೋಳ, ಸಿರಿಧಾನ್ಯ, ಕಾಳು, ಮೊಟ್ಟೆ, ಹಾಲು, ತರಕಾರಿ ಸುತ್ತ ಅಡುಗೆ ಮಾಡಿ, ಬ್ರೆಡ್ಡು ಬಿಸ್ಕತ್ತಿನ ನಕಲು ವಾರಕ್ಕೊಂದು ಸಲ ಸಾಕು. ಎಷ್ಟೋ ಪ್ಯಾಕೆಟ್ಟಲ್ಲಿ ಇರೋದು ಪಿಷ್ಟ, ಸಕ್ಕರೆ, ಕೊಬ್ಬು, ನಾರು ಕಡಿಮೆ, ಗ್ಲುಟನ್ ಫ್ರೀ ಅಂದ ಮಾತ್ರಕ್ಕೆ ಆರೋಗ್ಯಕ್ಕೆ ಒಳ್ಳೇದು ಅಂತಲ್ಲ. ಹಿಟ್ಟು ಮನೇಲೇ ಮಾಡ್ಕೊಳ್ಳಿ, ಆದ್ರೆ ಗೋಧಿ ಬೀಸೋ ಗಿರಣಿಗೆ ಕೊಡಬೇಡಿ.

ಪ್ರಶ್ನೆ: ಮಾಡಿದ ಬ್ರೆಡ್ ಮಾರನೇ ದಿನಕ್ಕೇ ಒಣಗಿ ಕಟ್ಟಿಗೆ ಆಗತ್ತಲ್ಲ?

ಪಿಷ್ಟ ಜಾಸ್ತಿ ಇರೋದ್ರಿಂದ ಗೋಧಿ ಬ್ರೆಡ್ಡಿಗಿಂತ ಬೇಗ ಗಟ್ಟಿಯಾಗತ್ತೆ, ಫ್ರಿಜ್ಜಲ್ಲಿಟ್ರೆ ಇನ್ನೂ ಬೇಗ. ಪೂರ್ತಿ ಆರಿದ ದಿನವೇ ಹೋಳು ಮಾಡಿ, ನಡುನಡುವೆ ಪೇಪರ್ ಇಟ್ಟು ಫ್ರೀಜರಿಗೆ ಹಾಕಿ. ಬೇಕಾದಾಗ ಎರಡು ಹೋಳು ತೆಗೆದು ಕರಗಿಸದೇ ನೇರ ಬಿಸಿ ಮಾಡಿ, ಮತ್ತೆ ಮೆತ್ತಗಾಗತ್ತೆ. ಟೋಸ್ಟರ್ ಮಾತ್ರ ಬೇರೆ ಇಡಿ, ಇಲ್ಲಾಂದ್ರೆ ತೊಳೆದ ಸ್ಟೀಲ್ ಬಾಣಲೆ ಸಾಕು.