ಡಿಡಿಆರ್ ಅಥವಾ ಜಸ್ಟ್ ಡಾನ್ಸ್: ಸಂಗ್ರಹಕ್ಕೆ ಇಟ್ಟರೆ ಮುಂದೆ ಯಾವುದಕ್ಕೆ ಬೆಲೆ ಬರಬಹುದು?

ಎರಡೂ ಕುಣಿಯುತ್ತಾ ಆಡುವ ವಿಡಿಯೋ ಗೇಮ್‌ಗಳು. ನನ್ನ ಪ್ರಕಾರ ಕೊನಾಮಿ ಕಂಪನಿಯ ಡಾನ್ಸ್ ಡಾನ್ಸ್ ರೆವಲ್ಯೂಷನ್‌ಗೆ (ಡಿಡಿಆರ್), ಅದೂ ಮ್ಯಾಟ್ ಸಮೇತ ಇದ್ದರೆ. 1998ರಲ್ಲಿ ಆರ್ಕೇಡ್‌ನಲ್ಲಿ (ಕಾಸು ಹಾಕಿ ಆಡುವ ಗೇಮ್ ಕೇಂದ್ರಗಳಲ್ಲಿ) ಶುರುವಾದ ಈ ಆಟವನ್ನು ಮನೆಯಲ್ಲಿ ಕುಣಿದು ಆಡಲು ಬಾಣದ ಗುರುತಿನ ಮ್ಯಾಟ್ ಬೇಕು. ತುಳಿದೂ ತುಳಿದೂ ಅದರೊಳಗಿನ ಪದರ ಸವೆಯುತ್ತದೆ, ಮಡಚಿದ ಕಡೆ ಸೀಳುತ್ತದೆ, ಜನ ಎಸೆದುಬಿಡುತ್ತಾರೆ. ಡಿಸ್ಕ್ ಮಾತ್ರ ಉಳಿಯುತ್ತದೆ. ಹಾಗಾಗಿ 2005ರಲ್ಲಿ ಗೇಮ್‌ಕ್ಯೂಬ್ ಕನ್ಸೋಲ್‌ಗೆ (ಟಿವಿಗೆ ಜೋಡಿಸುವ ಗೇಮ್ ಯಂತ್ರ) ಬಂದ ಡಿಡಿಆರ್‌ನ ಮಾರಿಯೋ ಮಿಕ್ಸ್ ಆವೃತ್ತಿ ಮ್ಯಾಟ್, ಡಬ್ಬಿ ಎರಡರ ಜೊತೆಗೂ ಸಿಕ್ಕರೆ ಬಿಡಬೇಡಿ.

ಯೂಬಿಸಾಫ್ಟ್ ಕಂಪನಿಯ ಜಸ್ಟ್ ಡಾನ್ಸ್ ಸರಣಿ 2009ರಿಂದ ಕೋಟಿಗಟ್ಟಲೆ ಮಾರಾಟವಾಗಿದೆ. ಹಳೆಯ ಡಿಸ್ಕ್‌ಗಳು ರಾಶಿ ರಾಶಿ ಸಿಗುತ್ತವೆ. 2023ರ ಆವೃತ್ತಿಯ ಡಬ್ಬಿಯಲ್ಲಂತೂ ಇದ್ದದ್ದು ಡೌನ್‌ಲೋಡ್ ಕೋಡ್ ಅಷ್ಟೇ. ಬಳಸಿದ ಕೋಡನ್ನು ಯಾರು ಕೊಳ್ಳುತ್ತಾರೆ ಹೇಳಿ? ಈ ಸರಣಿಯಲ್ಲಿ ಒಂದನ್ನು ಇಟ್ಟುಕೊಳ್ಳಲೇಬೇಕೆಂದರೆ ನಾನು ವೀ ಕನ್ಸೋಲ್‌ನ ಜಸ್ಟ್ ಡಾನ್ಸ್ 2020 ಆರಿಸುತ್ತೇನೆ. ಅದರ ನಂತರ ವೀಗೆ ಈ ಸರಣಿ ಬರಲಿಲ್ಲ.