ಗಂಡು ಇಲಿಗೆ ದಾರಿ ಹೆಚ್ಚು ನೆನಪಿರುತ್ತದೆಯೇ?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ‘ಗಂಡು ಇಲಿಗಳ ಸ್ಥಳಸ್ಮರಣೆ ಹೆಣ್ಣಿಲಿಗಳಿಗಿಂತ ಚುರುಕು’ ಎಂದು ಎಲ್ಲೋ ಓದಿ ತರಗತಿಯಲ್ಲಿ ಹೇಳಿದೆ. ‘ಯಾಕೆ ಸರ್, ಮಿದುಳೇ ಬೇರೆಯಾ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಏನೆಂದು ಉತ್ತರಿಸಲಿ?

ಉತ್ತರ: ಹಲವು ಪ್ರಯೋಗಗಳಲ್ಲಿ ಗಂಡಿಲಿಗಳು ಮುಂದಿರುವುದು ನಿಜ. ಆದರೆ ಅಲ್ಲಿ ಅಳೆದದ್ದು ಬರೀ ನೆನಪನ್ನೇ ಎಂದು ನಾನು ಒಪ್ಪುವುದಿಲ್ಲ. ಕಾರಣ ಪ್ರಯೋಗದೊಳಗೇ ಇದೆ.

ಹೆಚ್ಚು ಬಳಕೆಯಲ್ಲಿರುವುದು ರಿಚರ್ಡ್ ಮಾರಿಸ್ 1981ರಲ್ಲಿ ವಿವರಿಸಿದ ನೀರಿನ ತೊಟ್ಟಿ. ದುಂಡನೆಯ ತೊಟ್ಟಿಯ ನೀರನ್ನು ಹಾಲಿನಪುಡಿ ಅಥವಾ ಬಣ್ಣದಿಂದ ಮಬ್ಬು ಮಾಡಿ, ನೀರಿನ ಮಟ್ಟಕ್ಕಿಂತ ತುಸು ಕೆಳಗೆ, ಇಲಿ ಹತ್ತಿ ನಿಲ್ಲಲೆಂದು ಒಂದು ಪುಟ್ಟ ಕಟ್ಟೆ ಇಟ್ಟಿರುತ್ತಾರೆ. ಇಲಿಗೆ ಅದು ಕಾಣದು. ಪ್ರತಿ ಸಲವೂ ಬೇರೆ ಬೇರೆ ಬದಿಯಿಂದ ನೀರಿಗೆ ಬಿಟ್ಟಾಗ, ಸುತ್ತಲಿನ ಕೋಣೆಯನ್ನು ನೋಡಿಕೊಂಡೇ ಕಟ್ಟೆಯ ಜಾಗ ಪತ್ತೆ ಮಾಡಬೇಕು. ಮೊದಮೊದಲು ಹೆಣ್ಣಿಲಿಗಳು ನಡುನೀರಿಗೆ ಹೋಗದೆ ತೊಟ್ಟಿಯ ಗೋಡೆ ಹಿಡಿದು ಸುತ್ತುವುದು ಜಾಸ್ತಿ. ಕಟ್ಟೆ ಹುಡುಕಲು ತಗಲಿದ ಹೊತ್ತನ್ನೇ ಅಳೆಯುವುದರಿಂದ, ಹಾಗೆ ಸುತ್ತಿದ ಹೊತ್ತೆಲ್ಲ ‘ಮರೆವು’ ಎಂದೇ ಲೆಕ್ಕಕ್ಕೆ ಹೋಗುತ್ತದೆ.

ಇದನ್ನು ಬಿಡಿಸಿ ತೋರಿಸಿದ್ದು 1996ರ ಒಂದು ಅಧ್ಯಯನ. ಕೆಲವು ಇಲಿಗಳಿಗೆ ಮೊದಲು ಕಟ್ಟೆಯ ಜಾಗ ಬದಲಿಸುತ್ತಲೇ ತರಬೇತಿ ಕೊಟ್ಟರು. ನೆನಪಿಡಲು ಅಲ್ಲಿ ನಿಗದಿತ ಜಾಗವೇ ಇಲ್ಲ. ನೀರಿನ ರೂಢಿಯಾಗುತ್ತದೆ, ಎಲ್ಲೋ ಒಂದು ಕಟ್ಟೆ ಇದೆಯೆಂದು ತಿಳಿಯುತ್ತದೆ, ಅಷ್ಟೇ. ಆಮೇಲೆ ಕಟ್ಟೆಯನ್ನು ಒಂದೇ ಕಡೆ ಇಟ್ಟು ನಿಜವಾದ ಪರೀಕ್ಷೆ ಮಾಡಿದಾಗ ಗಂಡು ಹೆಣ್ಣಿನ ಅಂತರ ಕಾಣಲಿಲ್ಲ. ನಿಮ್ಮ ವಿದ್ಯಾರ್ಥಿನಿಗೆ ಮೊದಲು ಹೇಳಬೇಕಾದ್ದು ಇದನ್ನೇ.

ಹಾಗೆಂದು ಮಿದುಳುಗಳು ಒಂದೇ ಎನ್ನಲಾಗದು. ಕ್ರಿಸ್ಟಿನಾ ವಿಲಿಯಮ್ಸ್ ಮತ್ತು ಸಂಗಡಿಗರ 1990ರ ಪ್ರಯೋಗದಲ್ಲಿ ಗಂಡಿಲಿಗಳು ದಾರಿಗಾಗಿ ಕೋಣೆಯ ಆಕಾರವನ್ನು ನಂಬಿಕೊಂಡರೆ, ಹೆಣ್ಣಿಲಿಗಳು ಆಕಾರದ ಜೊತೆ ಗುರುತಿನ ವಸ್ತುಗಳನ್ನೂ ಬಳಸಿದವು. ಹುಟ್ಟಿದ ಕೂಡಲೇ ವೃಷಣ ತೆಗೆದ ಗಂಡುಮರಿಗಳು ದೊಡ್ಡವಾದಾಗ ಹೆಣ್ಣಿಲಿಗಳಂತೆ ದಾರಿ ಹುಡುಕಿದವು. ಎಳೆಯದರಲ್ಲೇ ಈಸ್ಟ್ರಾಡಯಾಲ್ ಎಂಬ ಹಾರ್ಮೋನು ಪಡೆದ ಹೆಣ್ಣುಮರಿಗಳು ಗಂಡಿಲಿಗಳಂತೆ ಹುಡುಕಿದವು. ‘ಹೆಣ್ಣಿನ ಹಾರ್ಮೋನು’ ಹೀಗೆ ಮಾಡುವುದೇ ಎಂದು ಅಚ್ಚರಿಪಡಬೇಡಿ: ಇಲಿಯ ಗಂಡುಮರಿಯ ಮಿದುಳಿನೊಳಗೆ, ವೃಷಣದಿಂದ ಬರುವ ಟೆಸ್ಟೊಸ್ಟೆರಾನ್ ಹಾರ್ಮೋನು ಈಸ್ಟ್ರಾಡಯಾಲ್ ಆಗಿ ಬದಲಾಗಿಯೇ ಬಹಳಷ್ಟು ಕೆಲಸ ಮಾಡುತ್ತದೆ.

ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗದಲ್ಲಿ ಇನ್ನೂ ಸೋಜಿಗದ ಸಂಗತಿಯಿದೆ. ಹೆಣ್ಣಿಲಿಯ ಬೆದೆ ಚಕ್ರ ನಾಲ್ಕೈದು ದಿನಗಳದ್ದು. ನರಕೋಶಗಳ ಕವಲುಗಳ ಮೇಲೆ, ಸಂದೇಶ ಬಂದು ಸೇರುವ ಸಣ್ಣ ಮುಳ್ಳುಗಳಿರುತ್ತವೆ. ಬೆದೆಯ ಹಿಂದಿನ ದಿನ ದಟ್ಟವಾಗಿದ್ದ ಈ ಮುಳ್ಳುಗಳು 24 ಗಂಟೆಯೊಳಗೆ ಸುಮಾರು ಶೇ 30ರಷ್ಟು ಇಳಿಯುವುದನ್ನು ಕ್ಯಾಥರೀನ್ ವೂಲಿ, ಬ್ರೂಸ್ ಮೆಕ್‌ಇವೆನ್ ಮತ್ತಿತರರು 1990ರಲ್ಲಿ ತೋರಿಸಿದರು. ಮುಳ್ಳು ದಟ್ಟವಾಗಿದ್ದಾಗ ನೆನಪೂ ಚುರುಕಿರಬೇಕು ಅನಿಸುತ್ತದಲ್ಲವೇ? 1997ರಲ್ಲಿ ಪರೀಕ್ಷಿಸಿದಾಗ ಕಂಡದ್ದು ತಿರುಗುಮುರುಗು: ಈಸ್ಟ್ರಾಡಯಾಲ್ ಏರಿದ್ದ, ಬೆದೆಯ ಹಿಂದಿನ ಆ ಹಂತದಲ್ಲೇ ಹೆಣ್ಣಿಲಿಗಳು ಅಡಗಿಸಿಟ್ಟ ಕಟ್ಟೆ ಹುಡುಕಲು ತಡಮಾಡಿದವು, ಕಣ್ಣಿಗೆ ಕಾಣುವ ಗುರುತಿನ ಕಡೆ ಈಜುವುದರಲ್ಲಿ ಮುಂದಿದ್ದವು.

ಇಷ್ಟು ವಿಷಯವಿದ್ದರೂ ನರವಿಜ್ಞಾನ ಬಹುಕಾಲ ಹೆಣ್ಣಿಲಿಗಳನ್ನು ಹೊರಗಿಟ್ಟಿತ್ತು. ಬರೀ ಹೆಣ್ಣುಪ್ರಾಣಿಗಳ ಮೇಲಿನ ಪ್ರತಿ ಅಧ್ಯಯನಕ್ಕೆ ಬರೀ ಗಂಡಿನ ಮೇಲೆ 5.5 ಅಧ್ಯಯನಗಳು ನಡೆಯುತ್ತಿದ್ದವು ಎಂದು 2011ರ ಸಮೀಕ್ಷೆಯೊಂದು ಹೇಳಿತು. ಬೆದೆ ಚಕ್ರದಿಂದಾಗಿ ಹೆಣ್ಣಿನ ಫಲಿತಾಂಶ ಏರುಪೇರಾಗುತ್ತದೆ ಎಂಬುದು ಹಳೆಯ ನೆಪ. 2016ರಲ್ಲಿ ಇಲಿಗಳ ದತ್ತಾಂಶ ಒಟ್ಟುಹಾಕಿ ನೋಡಿದಾಗ, ಏರುಪೇರಿನಲ್ಲಿ ಗಂಡಿಲಿಗಳೇನೂ ಕಡಿಮೆ ಇರಲಿಲ್ಲ.